ಸೂಪರ್‌ಕಂಡಕ್ಟಿಂಗ್ ಮೋಟರ್‌ಗೆ ಶೀಲ್ಡ್: ಎಲ್ಲಿ ಕಬ್ಬಿಣ, ಎಲ್ಲಿ ತಾಮ್ರ, ಎಷ್ಟು ದಪ್ಪ?

ಎಲೆಕ್ಟ್ರಿಕಲ್ ಓದುವವರಿಂದ ಪದೇ ಪದೇ ಬರುವ ಪ್ರಶ್ನೆ ಇದು: "ಸೂಪರ್‌ಕಂಡಕ್ಟಿಂಗ್ ಮೋಟರ್ ಡಿಸೈನ್ ಮಾಡ್ತಾ ಇದ್ದೀನಿ. ಶೀಲ್ಡ್ ಕಬ್ಬಿಣದ್ದು ಹಾಕಲಾ, ತಾಮ್ರದ್ದು ಹಾಕಲಾ? ಎಷ್ಟು ದಪ್ಪ ಇಡಲಿ?" ಕೇಳುವವರಲ್ಲಿ ಹೆಚ್ಚಿನವರು ಕಾಯಿಲ್, ಕೂಲಿಂಗ್, ಶಾಫ್ಟ್ ಎಲ್ಲ ಮುಗಿಸಿರುತ್ತಾರೆ. ಶೀಲ್ಡ್, ಅಂದರೆ ಕಾಂತಕ್ಷೇತ್ರ ಬೇಡದ ಕಡೆ ಹೋಗದಂತೆ ತಡೆಯುವ ಬೇಲಿ, ಒಂದು ಬಾಕಿ ಇರುತ್ತದೆ. ಕಷ್ಟ ಶುರುವಾಗುವುದೇ ಅಲ್ಲಿ. ಶೀಲ್ಡ್ ಲೆಕ್ಕ ಹಾಕಿದ ಮೇಲೆ ಯಂತ್ರದ ತೂಕ, ವ್ಯಾಸ, ಧ್ರುವಗಳ ಸಂಖ್ಯೆ ಎಲ್ಲ ಬದಲಾಗಿಬಿಡುತ್ತದೆ. ಹಾಗಾಗಿ ದಯವಿಟ್ಟು ಶೀಲ್ಡನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಕಾಯಿಲ್ ಲೆಕ್ಕದ ಜೊತೆಗೇ ಅದನ್ನೂ ಮಾಡಿ.

ಸಾಮಾನ್ಯ ಮೋಟರ್‌ನಲ್ಲಿ ಈ ತಲೆಬಿಸಿ ಇಷ್ಟಿಲ್ಲ. ಅಲ್ಲಿ ಸ್ಟೇಟರ್‌ನ (ತಿರುಗದೆ ನಿಂತಿರುವ ಭಾಗ; ತಿರುಗುವುದು ರೋಟರ್) ಕಬ್ಬಿಣದ ಹಲ್ಲುಗಳೇ ಕಾಂತಕ್ಷೇತ್ರವನ್ನು ಹಿಡಿದು ದಾರಿ ತೋರಿಸುತ್ತವೆ. ಆದರೆ ಕಬ್ಬಿಣಕ್ಕೆ ಒಂದು ಮಿತಿ ಇದೆ. ಸುಮಾರು 2 ಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ) ದಾಟಿದರೆ ಅದಕ್ಕೆ ಇನ್ನು ಜಾಸ್ತಿ ಹಿಡಿಸುವುದಿಲ್ಲ. ಸೂಪರ್‌ಕಂಡಕ್ಟರ್ (ತುಂಬ ತಣ್ಣಗೆ ಇಟ್ಟಾಗ ಪ್ರತಿರೋಧವಿಲ್ಲದೆ ಕರೆಂಟ್ ಹರಿಸುವ ವಸ್ತು) ಕಾಯಿಲ್ ಅದಕ್ಕಿಂತ ಬಲವಾದ ಕ್ಷೇತ್ರ ಕೊಡಬಲ್ಲದು. ಆ ಲಾಭ ಪಡೆಯಲು ಬಹಳಷ್ಟು ಡಿಸೈನ್‌ಗಳಲ್ಲಿ ಹಲ್ಲುಗಳನ್ನೇ ತೆಗೆದುಹಾಕುತ್ತಾರೆ. ಹಲ್ಲು ಹೋದ ಮೇಲೆ ಕ್ಷೇತ್ರಕ್ಕೆ ಬೇಲಿ ಇಲ್ಲ. ಅದು ಹೊರಗೂ ಹರಡುತ್ತದೆ, ಸ್ಟೇಟರ್‌ನ ಕ್ಷೇತ್ರದ ಏರಿಳಿತ ಒಳಗೂ ಬಂದು ತಣ್ಣನೆಯ ಕಾಯಿಲ್‌ಗೆ ತಟ್ಟುತ್ತದೆ.

ಈ ಲೇಖನದಲ್ಲಿ ನಾನು ಮಾತಾಡುವುದು ಒಂದೇ ಬಗೆಯ ಯಂತ್ರದ ಬಗ್ಗೆ: ರೋಟರ್‌ನಲ್ಲಿ ಸೂಪರ್‌ಕಂಡಕ್ಟರ್ ಕಾಯಿಲ್, ಸ್ಟೇಟರ್‌ನಲ್ಲಿ ಮಾಮೂಲಿ ತಾಮ್ರದ ವೈಂಡಿಂಗ್ ಇರುವ ಸಿಂಕ್ರನಸ್ ಯಂತ್ರ (ಸ್ಟೇಟರ್‌ನ ತಿರುಗುವ ಕ್ಷೇತ್ರದ ವೇಗದಲ್ಲೇ ರೋಟರ್ ತಿರುಗುವ ಯಂತ್ರ). ಅಮೆರಿಕದ ನೌಕಾಪಡೆಗಾಗಿ ಮಾಡಿ 2009ರಲ್ಲಿ ಪೂರ್ಣ ಶಕ್ತಿಯಲ್ಲಿ ಪರೀಕ್ಷಿಸಿದ 36.5 ಮೆಗಾವಾಟ್, 120 ಆರ್‌ಪಿಎಂ ಹಡಗಿನ ಮೋಟರ್ ಈ ಜಾತಿಯದು. ನಿಯೋಬಿಯಂ-ಟೈಟೇನಿಯಂ ತಂತಿ ಬಳಸಿ ಜಪಾನ್ 1990ರ ದಶಕದಲ್ಲಿ ಮಾಡಿದ 70 ಮೆಗಾವಾಟ್ ದರ್ಜೆಯ ಜನರೇಟರ್ ಕೂಡ ಇದೇ ಜಾತಿ.

ಕೆಲವು ಪದಗಳು

ಯೋಕ್ ಅಂದರೆ ಯಂತ್ರವನ್ನು ಹೊರಗಿನಿಂದ ಸುತ್ತುವರಿದ ಕಬ್ಬಿಣದ ಉಂಗುರ. ಎಡ್ಡಿ ಕರೆಂಟ್ ಅಂದರೆ ಬದಲಾಗುವ ಕಾಂತಕ್ಷೇತ್ರದಿಂದ ಲೋಹದೊಳಗೆ ಸುಳಿ ಸುಳಿಯಾಗಿ ಹುಟ್ಟುವ ವಿದ್ಯುತ್. ಸ್ಯಾಚುರೇಷನ್ ಅಂದರೆ ಕಬ್ಬಿಣ ತುಂಬಿಹೋಗುವುದು, ಅದರ ಮೇಲೆ ಬಂದ ಕ್ಷೇತ್ರ ಗಾಳಿಗೆ ಚೆಲ್ಲುವುದು. ಕ್ವೆಂಚ್ ಅಂದರೆ ಸೂಪರ್‌ಕಂಡಕ್ಟರ್ ತನ್ನ ಗುಣ ಕಳೆದುಕೊಂಡು ಮಾಮೂಲಿ ತಂತಿಯಂತೆ ಬಿಸಿಯಾಗುವುದು. ಧ್ರುವಜೋಡಿ ಅಂದರೆ ಒಂದು ಉತ್ತರ, ಒಂದು ದಕ್ಷಿಣ ಸೇರಿ ಒಂದು ಜೋಡಿ. ನಾಲ್ಕು ಪೋಲ್ ಯಂತ್ರಕ್ಕೆ ಧ್ರುವಜೋಡಿ 2.

ಕೈಯಲ್ಲಿ ಏನೇನು ಇರಬೇಕು

ಯಂತ್ರದ ವೇಗ, ಧ್ರುವಜೋಡಿ, ಕಾಯಿಲ್‌ನ ಹೊರ ತ್ರಿಜ್ಯ, ಯೋಕ್‌ನ ಒಳ ತ್ರಿಜ್ಯ ಬೇಕು. ಯೋಕ್‌ಗೆ ನೀವು ಬಳಸುವ ಸಿಲಿಕಾನ್ ಸ್ಟೀಲ್‌ನ ಕಾಂತೀಯ ಕರ್ವ್ ಬೇಕು, ಅದೂ 2 ಟೆಸ್ಲಾ ದಾಟಿದವರೆಗೆ. ಕಾಯಿಲ್ ಸುತ್ತುವ ಸೂಪರ್‌ಕಂಡಕ್ಟರ್ ಟೇಪಿನ ಕ್ರಿಟಿಕಲ್ ಕರೆಂಟ್ (ತನ್ನ ಗುಣ ಕಳೆದುಕೊಳ್ಳದೆ ಅದು ಹೊರಬಲ್ಲ ಗರಿಷ್ಠ ಕರೆಂಟ್) ತಾಪಮಾನದ ಜೊತೆ, ಕ್ಷೇತ್ರದ ಜೊತೆ, ಕ್ಷೇತ್ರ ಬೀಳುವ ಕೋನದ ಜೊತೆ ಹೇಗೆ ಬದಲಾಗುತ್ತದೆ ಎಂಬ ಮಾಹಿತಿ ಬೇಕು. ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿರುವ ರಾಬಿನ್ಸನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಹಲವು ಟೇಪ್‌ಗಳ ಅಳತೆಯನ್ನು ಎಲ್ಲರಿಗೂ ತೆರೆದಿಟ್ಟಿದೆ, ಅಲ್ಲಿಂದ ತೆಗೆದುಕೊಳ್ಳಿ. ಎರಡು ಆಯಾಮದ ಲೆಕ್ಕಕ್ಕೆ ಫೆಮ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು.

ಹಂತ 1: ಯಾರನ್ನು, ಯಾವುದರಿಂದ ಕಾಪಾಡಬೇಕು ಎಂದು ಬರೆದುಕೊಳ್ಳಿ

ಶೀಲ್ಡ್ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಕೆಲಸಗಳಿವೆ. ಇವನ್ನು ಬೆರೆಸಿದರೆ ಮುಂದಿನದೆಲ್ಲ ತಪ್ಪುತ್ತದೆ.

ಮೊದಲನೆಯದು, ಹೊರಗಿನವರನ್ನು ಯಂತ್ರದಿಂದ ಕಾಪಾಡುವುದು. ಪಕ್ಕದಲ್ಲಿ ಓಡಾಡುವ ಜನ, ಸೆನ್ಸರ್‌ಗಳು, ಕಬ್ಬಿಣದ ಕಂಬ, ಹಡಗಿನ ಮೈ. ಈ ಕೆಲಸ ಕಬ್ಬಿಣದ ಯೋಕ್‌ದು. ಎರಡನೆಯದು, ಸೂಪರ್‌ಕಂಡಕ್ಟರ್ ಕಾಯಿಲನ್ನು ಸ್ಟೇಟರ್‌ನ ಏರಿಳಿತದಿಂದ ಕಾಪಾಡುವುದು. ಇದು ರೋಟರ್‌ನ ಮೇಲೆ ಕೂರುವ ತಾಮ್ರ ಅಥವಾ ಅಲ್ಯೂಮಿನಿಯಂ ಕೊಳವೆಯ ಕೆಲಸ. ಮೂರನೆಯದು, ಟೇಪಿನ ಅಂಚನ್ನು ಅದೇ ಕಾಯಿಲ್‌ನ ಸ್ವಂತ ಕ್ಷೇತ್ರದಿಂದ ಕಾಪಾಡುವುದು. ಇದಕ್ಕೆ ಕಾಯಿಲ್ ಪಕ್ಕದಲ್ಲಿ ಸಣ್ಣ ಕಬ್ಬಿಣದ ತುಂಡುಗಳು ಬೇಕು.

ಕಬ್ಬಿಣ ಮತ್ತು ತಾಮ್ರದ ವ್ಯತ್ಯಾಸ ಮನಸ್ಸಿಗೆ ಇಳಿಯಬೇಕಾದರೆ ಮನೆಯಲ್ಲೇ ಒಮ್ಮೆ ನೋಡಿ. ಒಂದು ಗುಂಡುಸೂಜಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಮೇಜಿಗೆ ಅಂಟಿಸಿ. ಮೇಲೆ ಒಂದು ಬಲವಾದ ಮ್ಯಾಗ್ನೆಟ್ ಹಿಡಿದರೆ ಸೂಜಿ ಗಾಳಿಯಲ್ಲಿ ನೆಟ್ಟಗೆ ನಿಲ್ಲುತ್ತದೆ. ನಡುವೆ ಅಲ್ಯೂಮಿನಿಯಂ ತಟ್ಟೆ ತೂರಿಸಿ ಹಿಡಿಯಿರಿ. ಸೂಜಿಗೆ ಏನೂ ಆಗುವುದಿಲ್ಲ. ಈಗ ಅಲ್ಯೂಮಿನಿಯಂ ತೆಗೆದು ಕಬ್ಬಿಣದ ದೋಸೆ ಹೆಂಚು ತೂರಿಸಿ. ಸೂಜಿ ತಕ್ಷಣ ಬಿದ್ದುಹೋಗುತ್ತದೆ. ಹೆಂಚು ಕ್ಷೇತ್ರವನ್ನು ತನ್ನ ಮೈಯೊಳಗೇ ತಿರುಗಿಸಿ ವಾಪಸ್ ಕಳಿಸಿತು. ಆಮೇಲೆ ಅದೇ ಮ್ಯಾಗ್ನೆಟನ್ನು ಓರೆಯಾಗಿ ಹಿಡಿದ ದಪ್ಪ ಅಲ್ಯೂಮಿನಿಯಂ ಅಥವಾ ತಾಮ್ರದ ತಗಡಿನ ಮೇಲೆ ಜಾರಿಬಿಡಿ. ಅಂಟು ಹಚ್ಚಿದಂತೆ ನಿಧಾನವಾಗಿ ಜಾರುತ್ತದೆ. ನಿಂತ ಕ್ಷೇತ್ರಕ್ಕೆ ತಾಮ್ರ ಕುರುಡು, ಬದಲಾಗುವ ಕ್ಷೇತ್ರಕ್ಕೆ ಅದು ಎದುರು ನಿಲ್ಲುತ್ತದೆ. ರೋಟರ್ ಶೀಲ್ಡ್‌ನ ಇಡೀ ಲೆಕ್ಕ ಈ ಜಾರುವ ಮ್ಯಾಗ್ನೆಟ್‌ನಲ್ಲೇ ಇದೆ.

ಎಚ್ಚರಿಕೆ: ರೋಟರ್‌ನೊಳಗೆ ಶಾಖ ಬರದಂತೆ ತಡೆಯುವ ಇನ್ನೊಂದು ಪದರ ಇರುತ್ತದೆ. ಅದನ್ನೂ ಶೀಲ್ಡ್ ಎಂದೇ ಕರೆಯುತ್ತಾರೆ. ಅದು ಬಿಸಿಲಿಗೆ ಹಿಡಿದ ಕೊಡೆಯಂತೆ, ಶಾಖದ ಕಿರಣಕ್ಕೆ ಅಡ್ಡ ನಿಲ್ಲುವುದೇ ಅದರ ಕೆಲಸ. ಚಿತ್ರದಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಬರೆಯಿರಿ.

ಹಂತ 2: ಶೀಲ್ಡ್ ಇಲ್ಲದಿದ್ದರೆ ಕ್ಷೇತ್ರ ಎಷ್ಟು ದೂರ ಹೋಗುತ್ತದೆ ನೋಡಿ

ಒಂದು ಉದಾಹರಣೆ ಹಿಡಿದು ಕೊನೆಯವರೆಗೂ ಅದನ್ನೇ ಬಳಸೋಣ. ನಾಲ್ಕು ಪೋಲ್ ಯಂತ್ರ, ಅಂದರೆ ಧ್ರುವಜೋಡಿ 2. ಕಾಯಿಲ್‌ನ ತ್ರಿಜ್ಯ 0.35 ಮೀಟರ್, ರೋಟರ್‌ನ ತಾಮ್ರದ ಕೊಳವೆ 0.4 ಮೀಟರ್, ಯೋಕ್‌ನ ಒಳಮೈ 0.5 ಮೀಟರ್. ಯೋಕ್ ಇನ್ನೂ ಹಾಕಿಲ್ಲ, ಆ ಜಾಗದಲ್ಲಿ ಕ್ಷೇತ್ರ 0.5 ಟೆಸ್ಲಾ ಇದೆ ಎಂದುಕೊಳ್ಳಿ.

ಹಲ್ಲಿಲ್ಲದ ಯಂತ್ರದ ಹೊರಗೆ ಕ್ಷೇತ್ರ ಕಡಿಮೆಯಾಗುವ ವೇಗ ಧ್ರುವಜೋಡಿಯ ಮೇಲೆ ನಿಂತಿದೆ. ದೂರದ ಘಾತ, ಧ್ರುವಜೋಡಿಗೆ ಒಂದು ಕೂಡಿಸಿದಷ್ಟು. ಧ್ರುವಜೋಡಿ 2 ಇದ್ದರೆ ದೂರ ಎರಡು ಪಟ್ಟಾದಾಗ ಕ್ಷೇತ್ರ ಎಂಟನೇ ಒಂದಾಗುತ್ತದೆ.

ಎಷ್ಟಕ್ಕೆ ಇಳಿಯಬೇಕು? ಪೇಸ್‌ಮೇಕರ್ ಇರುವವರ ಸುರಕ್ಷತೆಗೆ 0.5 ಮಿಲಿಟೆಸ್ಲಾ ಮಿತಿಯನ್ನು ಜಗತ್ತಿನಾದ್ಯಂತ ಬಳಸುತ್ತಾರೆ. ಎಂಆರ್‌ಐ ಕೋಣೆಯ ಸುತ್ತ ಬಹುಕಾಲ ಗೆರೆ ಎಳೆಯುತ್ತ ಬಂದದ್ದೂ ಈ ಅಂಕಿಗೇ. ನಮ್ಮ 0.5 ಟೆಸ್ಲಾ ಸಾವಿರ ಪಟ್ಟು ಇಳಿಯಬೇಕು. ಘಾತ 3 ಇರುವುದರಿಂದ ಹತ್ತು ಪಟ್ಟು ದೂರ, ಅಂದರೆ ಮಧ್ಯದಿಂದ 5 ಮೀಟರ್. ಅದೇ ಯಂತ್ರ ಎರಡು ಪೋಲ್‌ನದಾಗಿದ್ದರೆ ಸುಮಾರು 16 ಮೀಟರ್. ಎಂಟು ಪೋಲ್ ಆಗಿದ್ದರೆ ಬರೀ 2 ಮೀಟರ್!

ಇಲ್ಲಿ ಯಂತ್ರವನ್ನು ಉದ್ದನೆಯ ಕೊಳವೆ ಎಂದುಕೊಂಡಿದ್ದೇವೆ. ಯಂತ್ರದ ಉದ್ದಕ್ಕಿಂತ ಜಾಸ್ತಿ ದೂರ ಹೋದರೆ ನಿಜವಾದ ಕ್ಷೇತ್ರ ಇನ್ನೂ ಬೇಗ ಇಳಿಯುತ್ತದೆ. ಆದರೂ ಧ್ರುವಗಳನ್ನು ಆರಿಸುವಾಗ ಈ ಲೆಕ್ಕ ಎದುರಿಗೆ ಇರಲಿ. ಧ್ರುವ ಜಾಸ್ತಿ ಮಾಡುವುದು ಅಗ್ಗದ ಶೀಲ್ಡ್. ಅದಕ್ಕೂ ಬೆಲೆ ಇದೆ: ಅದೇ ವೇಗಕ್ಕೆ ವಿದ್ಯುತ್‌ನ ಫ್ರೀಕ್ವೆನ್ಸಿ ಏರುತ್ತದೆ, ಕಬ್ಬಿಣದಲ್ಲಿ ನಷ್ಟ ಏರುತ್ತದೆ. ಜೊತೆಗೆ ಕಾಯಿಲ್‌ನಿಂದ ಸ್ಟೇಟರ್ ತಲುಪುವ ಕ್ಷೇತ್ರವೂ ಬೇಗ ಇಳಿಯುತ್ತದೆ.

ಹಂತ 3: ಕಬ್ಬಿಣದ ಯೋಕ್ ಲೆಕ್ಕ

ಕಬ್ಬಿಣ ಸುತ್ತಲೂ ಬಂದ ಕೂಡಲೇ ಅದರ ಒಳಮೈಯಲ್ಲಿ ನೇರವಾಗಿ ಬೀಳುವ ಕ್ಷೇತ್ರ ಸುಮಾರು ಎರಡು ಪಟ್ಟಾಗುತ್ತದೆ. ಇದನ್ನು ಮರೆಯುವವರು ತುಂಬ ಜನ. ನಮ್ಮ ಯಂತ್ರದಲ್ಲಿ 0.5 ಈಗ 1 ಟೆಸ್ಲಾ ಆಯಿತು. ಒಂದು ಧ್ರುವದಿಂದ ಬಂದ ಫ್ಲಕ್ಸ್ (ಕ್ಷೇತ್ರದ ಒಟ್ಟು ಹರಿವು) ಯೋಕ್ ಹೊಕ್ಕು ಎರಡಾಗಿ ಒಡೆದು ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಹೋಗುತ್ತದೆ. ಆ ಅರ್ಧವನ್ನು ಹೊರುವಷ್ಟು ದಪ್ಪ ಬೇಕು. ಸೂತ್ರ ಇಷ್ಟೇ:

ಯೋಕ್ ದಪ್ಪ = (ಒಳಮೈಯ ಕ್ಷೇತ್ರ × ಒಳ ತ್ರಿಜ್ಯ) ÷ (ಧ್ರುವಜೋಡಿ × ಕಬ್ಬಿಣದಲ್ಲಿ ಬಿಡುವ ಕ್ಷೇತ್ರ)

ಕಬ್ಬಿಣದಲ್ಲಿ 1.6 ಟೆಸ್ಲಾ ಬಿಡೋಣ. 1 × 0.5 ÷ (2 × 1.6) = 0.156 ಮೀಟರ್. ಯೋಕ್ ಕಟ್ಟುವುದು ತೆಳು ಹಾಳೆಗಳಿಂದ, ಅಂದರೆ ಸ್ಟ್ಯಾಂಪಿಂಗ್‌ಗಳಿಂದ. ಹಾಳೆಗಳ ನಡುವೆ ಇನ್ಸುಲೇಷನ್ ಇರುವುದರಿಂದ ನಿಜವಾದ ಕಬ್ಬಿಣ ಸುಮಾರು 96 ಶೇಕಡಾ ಮಾತ್ರ. ಹಾಗಾಗಿ 0.163 ಮೀಟರ್ ಇಡಿ. ಒಂದು ಮೀಟರ್ ಉದ್ದಕ್ಕೆ ಇದರ ತೂಕ ಸುಮಾರು 4.4 ಟನ್ ಆಗುತ್ತದೆ.

ಆ ಅಂಕಿಯನ್ನು ಒಂದು ಕ್ಷಣ ನೋಡಿ. ಹಗುರ ಯಂತ್ರ ಬೇಕೆಂದು ಸೂಪರ್‌ಕಂಡಕ್ಟರ್ ತಂದವರು ನಾವು. ಕಾಯಿಲ್ ಕೆಲವು ನೂರು ಕಿಲೋ ಇರುವ ಕಡೆ ಬೇಲಿಗೇ ನಾಲ್ಕೂವರೆ ಟನ್ ಸಮೀಪ ಹೋಯಿತು. ಒಳಮೈಯ ಕ್ಷೇತ್ರ 1 ಟೆಸ್ಲಾವೇ ಇದ್ದು ಎಂಟು ಪೋಲ್ ಆಗಿದ್ದರೆ ದಪ್ಪ ಅರ್ಧವಾಗಿ ತೂಕ ಸುಮಾರು 2 ಟನ್‌ಗೆ ಇಳಿಯುತ್ತಿತ್ತು. ಶೀಲ್ಡ್ ಲೆಕ್ಕವನ್ನು ಮೊದಲ ದಿನವೇ ಮಾಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಕಬ್ಬಿಣ ತೂಕ ತರುವುದರ ಜೊತೆಗೆ ಸ್ವಲ್ಪ ವಾಪಸ್ ಕೊಡುತ್ತದೆ ಕೂಡ. ಯೋಕ್ ಇದ್ದಾಗ ಒಳಗಿನ ಕ್ಷೇತ್ರ ಜಾಸ್ತಿಯಾಗುತ್ತದೆ. ಎಷ್ಟು? ಕಾಯಿಲ್ ತ್ರಿಜ್ಯವನ್ನು ಯೋಕ್ ತ್ರಿಜ್ಯದಿಂದ ಭಾಗಿಸಿ, ಧ್ರುವಜೋಡಿಯ ಎರಡರಷ್ಟು ಘಾತಕ್ಕೆ ಏರಿಸಿ. ನಮ್ಮಲ್ಲಿ 0.7ರ ನಾಲ್ಕನೇ ಘಾತ, ಅಂದರೆ 24 ಶೇಕಡಾ. ಅದೇ ಕ್ಷೇತ್ರಕ್ಕೆ ಸುಮಾರು 19 ಶೇಕಡಾ ಟೇಪ್ ಉಳಿತಾಯ. ಈ 24 ಶೇಕಡಾ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಹಂತ 4ರಲ್ಲಿ ಮತ್ತೆ ಬರುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು:

ಇಡೀ ಉಂಗುರವನ್ನು ಒಂದೇ ಗಟ್ಟಿ ಕಬ್ಬಿಣದಿಂದ ಮಾಡುವುದು. ಯೋಕ್ ನಿಂತಿರುತ್ತದೆ, ಕ್ಷೇತ್ರ ಅದರೊಳಗೆ ತಿರುಗುತ್ತದೆ. ಗಟ್ಟಿ ಕಬ್ಬಿಣ ಎಡ್ಡಿ ಕರೆಂಟ್‌ನಿಂದ ಒಲೆಯಂತೆ ಕಾಯುತ್ತದೆ. 0.35 ಅಥವಾ 0.5 ಮಿಮೀ ಹಾಳೆ ಬೇಕೇ ಬೇಕು.

ತುದಿಗಳನ್ನು ಮರೆಯುವುದು. ಯಂತ್ರದ ಎರಡೂ ಕೊನೆಯಲ್ಲಿ ಕ್ಷೇತ್ರ ಉದ್ದಕ್ಕೆ ಹರಿದು ಹಾಳೆಗಳ ಮುಖಕ್ಕೆ ನೇರವಾಗಿ ಬಡಿಯುತ್ತದೆ. ಅಲ್ಲಿ ಹಾಳೆ ಸೀಳಿದ್ದರಿಂದ ಪ್ರಯೋಜನವಿಲ್ಲ. ಒತ್ತುವ ಪ್ಲೇಟ್ ಮತ್ತು ಬೋಲ್ಟ್‌ಗಳನ್ನು ಕಾಂತಕ್ಕೆ ಅಂಟದ ಸ್ಟೇನ್‌ಲೆಸ್ ಸ್ಟೀಲ್‌ನಿಂದ ಮಾಡಿ. ದೊಡ್ಡ ಟರ್ಬೈನ್ ಜನರೇಟರ್‌ಗಳಲ್ಲಿ ಈ ಜಾಗಕ್ಕೆ ತಾಮ್ರದ ತಗಡಿನ ಹೊದಿಕೆ ಹಾಕುವ ರೂಢಿ ಹಿಂದಿನಿಂದಲೂ ಇದೆ. ಇಲ್ಲೂ ಅದನ್ನೇ ಮಾಡಬಹುದು.

ರೋಟರ್ ಸ್ವಲ್ಪ ಪಕ್ಕಕ್ಕೆ ಕೂತರೆ ಏನಾಗುತ್ತದೆ ಎಂದು ನೋಡದಿರುವುದು. 1 ಟೆಸ್ಲಾ ಕ್ಷೇತ್ರ ಕಬ್ಬಿಣವನ್ನು ಚದರ ಮೀಟರ್‌ಗೆ ಸುಮಾರು 40 ಟನ್ ಭಾರದಷ್ಟು ಎಳೆಯುತ್ತದೆ. ಎಲ್ಲ ಕಡೆ ಸಮ ಇರುವವರೆಗೆ ಎಳೆತ ಒಂದಕ್ಕೊಂದು ಸರಿಹೋಗುತ್ತದೆ. ಒಂದು ಕಡೆ ವಾಲಿದರೆ ಬೇರಿಂಗ್ ಅದನ್ನು ಹೊರಬೇಕು.

ಹಂತ 4: ತೂಕ ಕೈಮೀರಿದರೆ, ಕಬ್ಬಿಣದ ಬದಲು ಎದುರು ಕಾಯಿಲ್

ವಿಮಾನಕ್ಕೆ ಮಾಡುವ ಮೋಟರ್ ಆದರೆ ಟನ್‌ಗಟ್ಟಲೆ ಕಬ್ಬಿಣ ಹೊರುವ ಮಾತೇ ಇಲ್ಲ. ಅಲ್ಲಿ ಮುಖ್ಯ ಕಾಯಿಲ್‌ನ ಹೊರಗೆ ಇನ್ನೊಂದು ಕಾಯಿಲ್ ಸುತ್ತಿ ಕರೆಂಟನ್ನು ಉಲ್ಟಾ ಹರಿಸುತ್ತಾರೆ. ಹೊರಗಡೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಇದಕ್ಕೆ ಆಕ್ಟಿವ್ ಶೀಲ್ಡ್ ಎನ್ನುತ್ತಾರೆ. ಆಸ್ಪತ್ರೆಯ ಎಂಆರ್‌ಐಗಳಲ್ಲಿ ಇದು ಮಾಮೂಲಿ. ಮೋಟರ್‌ಗೆ ಇದನ್ನು ತರುವ ಕೆಲಸವನ್ನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ವಿಮಾನಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಾರೆ.

ಬೆಲೆ ಏನು? ಎದುರು ಕಾಯಿಲ್ ಒಳಗಿನ ಕ್ಷೇತ್ರವನ್ನೂ ಕಡಿಮೆ ಮಾಡುತ್ತದೆ. ಅದು ಕಡಿಮೆ ಮಾಡುವ ಪಾಲು, ಅದೇ ತ್ರಿಜ್ಯದಲ್ಲಿ ಕಬ್ಬಿಣ ಹೆಚ್ಚು ಮಾಡುತ್ತಿದ್ದ ಪಾಲಿಗೆ ಸರಿಸಮ! ನಾಲ್ಕು ಪೋಲ್‌ನಲ್ಲಿ ಕಬ್ಬಿಣ 24 ಶೇಕಡಾ ಕೊಡುತ್ತದೆ, ಎದುರು ಕಾಯಿಲ್ 24 ಶೇಕಡಾ ಕಸಿದುಕೊಳ್ಳುತ್ತದೆ. ಎಂಟು ಪೋಲ್ ಮಾಡಿದರೆ 0.7ರ ಎಂಟನೇ ಘಾತ, ಸುಮಾರು 6 ಶೇಕಡಾ ಮಾತ್ರ ನಷ್ಟ. ಆಗ ಎದುರು ಕಾಯಿಲ್ ಖಂಡಿತ ಯೋಚಿಸಬೇಕಾದ ದಾರಿ. ಎರಡು ಅಥವಾ ನಾಲ್ಕು ಪೋಲ್‌ನಲ್ಲಿ, ನೆಲದ ಮೇಲೆ ಕೂರುವ ಯಂತ್ರಕ್ಕೆ, ನಾನಾದರೆ ಕಬ್ಬಿಣವನ್ನೇ ಆರಿಸುತ್ತೇನೆ.

ಒಂದು ಎಚ್ಚರಿಕೆ: ಎರಡು ಕಾಯಿಲ್‌ಗಳನ್ನೂ ಸರಣಿಯಲ್ಲಿ ಜೋಡಿಸಿ. ಬೇರೆ ಬೇರೆ ಸಪ್ಲೈ ಇದ್ದು ಒಂದು ಕ್ವೆಂಚ್ ಆದರೆ ಇನ್ನೊಂದರ ಕ್ಷೇತ್ರ ಒಮ್ಮೆಲೇ ಹೊರಗೆ ಚೆಲ್ಲುತ್ತದೆ.

ಹಂತ 5: ರೋಟರ್‌ನ ತಾಮ್ರದ ಕೊಳವೆ

ಪ್ರಶ್ನೆಗಳು ಜಾಸ್ತಿ ಬರುವುದು ಈ ಹಂತದಲ್ಲೇ. ನಿಧಾನವಾಗಿ ಹೋಗೋಣ.

ಮೊದಲು, ರೋಟರ್ ಮೇಲೆ ಕೂತು ನೋಡಿದರೆ ಯಾವ ಯಾವ ಏರಿಳಿತ ಕಾಣುತ್ತದೆ ಎಂದು ಪಟ್ಟಿ ಮಾಡಿ. ಸ್ಟೇಟರ್‌ನ ಮುಖ್ಯ ಕ್ಷೇತ್ರ ರೋಟರ್ ಜೊತೆಗೇ ತಿರುಗುತ್ತದೆ. ಹಾಗಾಗಿ ರೋಟರ್‌ಗೆ ಅದು ನಿಂತ ಹಾಗೆ, ಅದರಿಂದ ತೊಂದರೆ ಇಲ್ಲ. ತೊಂದರೆ ಕೊಡುವವು ಉಳಿದವು. 50 ಹರ್ಟ್ಸ್ ಯಂತ್ರದಲ್ಲಿ ಮೂರು ಫೇಸ್ ಸಮ ಇಲ್ಲದಿದ್ದರೆ ರೋಟರ್‌ಗೆ 100 ಹರ್ಟ್ಸ್ ಕಾಣುತ್ತದೆ. ಕರೆಂಟಿನ ಐದನೇ ಹಾರ್ಮೋನಿಕ್ (ಮೂಲ ಫ್ರೀಕ್ವೆನ್ಸಿಯ ಐದು ಪಟ್ಟಿನ ಏರಿಳಿತ) ಹಿಂದಕ್ಕೆ ತಿರುಗುತ್ತದೆ, ಏಳನೆಯದು ಮುಂದಕ್ಕೆ. ರೋಟರ್‌ಗೆ ಎರಡೂ 300 ಹರ್ಟ್ಸ್ ಆಗಿಯೇ ಕಾಣುತ್ತವೆ. ಇನ್ವರ್ಟರ್ ಇದ್ದರೆ ಇನ್ನೂ ಮೇಲಿನವೂ ಇರುತ್ತವೆ. ಥಟ್ಟನೆ ಶಾರ್ಟ್ ಆದಾಗ 50 ಹರ್ಟ್ಸ್. ಗ್ರಿಡ್ ಜೊತೆ ರೋಟರ್ ತೂಗಾಡುವಾಗ 1 ಹರ್ಟ್ಸ್ ಆಸುಪಾಸು.

ಈಗ ದಪ್ಪ. ಬಹಳ ಜನ ಸ್ಕಿನ್ ಡೆಪ್ತ್ ನೋಡಿ ನಿರ್ಧರಿಸುತ್ತಾರೆ. ಸ್ಕಿನ್ ಡೆಪ್ತ್ ಅಂದರೆ ಲೋಹದೊಳಗೆ ಕ್ಷೇತ್ರ ಸುಮಾರು ಮೂರನೇ ಒಂದಕ್ಕೆ ಇಳಿಯುವ ಆಳ. ತಾಮ್ರಕ್ಕೆ 50 ಹರ್ಟ್ಸ್‌ನಲ್ಲಿ 9.3 ಮಿಮೀ, 100ರಲ್ಲಿ 6.6, 300ರಲ್ಲಿ 3.8. ಮೂರು ಪಟ್ಟು ಇರಲಿ ಎಂದು 28 ಮಿಮೀ ಹಾಕಿಬಿಡುತ್ತಾರೆ. ಅಷ್ಟು ಬೇಕಿಲ್ಲ. ಸ್ಕಿನ್ ಡೆಪ್ತ್ ನಿಯಮ ಗಟ್ಟಿ ಲೋಹದ ಗೋಡೆಗೆ ಸರಿ. ನಮ್ಮದು ಸುತ್ತಲೂ ಮುಚ್ಚಿಕೊಂಡ ಕೊಳವೆ. ಅದರಲ್ಲಿ ಕರೆಂಟ್ ಸುತ್ತಿಬಂದು ಒಳಗೆಲ್ಲ ಎದುರು ಕ್ಷೇತ್ರ ಕಟ್ಟುತ್ತದೆ. ಅದಕ್ಕೆ ನೋಡಬೇಕಾದ್ದು ಕೊಳವೆಯ ಕಾಲಮಾನ, ಅಂದರೆ ಅದರಲ್ಲಿ ಹುಟ್ಟಿದ ಕರೆಂಟ್ ಎಷ್ಟು ಹೊತ್ತು ಬದುಕುತ್ತದೆ ಎಂಬುದು:

ಕಾಲಮಾನ = (ಗಾಳಿಯ ಪರ್ಮಿಯೆಬಿಲಿಟಿ × ಲೋಹದ ವಾಹಕತೆ × ತ್ರಿಜ್ಯ × ದಪ್ಪ) ÷ (2 × ಧ್ರುವಜೋಡಿ)

ಪರ್ಮಿಯೆಬಿಲಿಟಿ ಅಂದರೆ ಒಂದು ವಸ್ತು ಕಾಂತಕ್ಷೇತ್ರಕ್ಕೆ ಎಷ್ಟು ದಾರಿ ಕೊಡುತ್ತದೆ ಎಂಬ ಅಳತೆ. ನಮ್ಮ ಕೊಳವೆಗೆ ತ್ರಿಜ್ಯ 0.4 ಮೀಟರ್, ದಪ್ಪ 10 ಮಿಮೀ, ಕೋಣೆಯ ತಾಪಮಾನದ ತಾಮ್ರ ಎಂದರೆ 0.073 ಸೆಕೆಂಡ್ ಬರುತ್ತದೆ. ಇದನ್ನು ಕೋನೀಯ ಫ್ರೀಕ್ವೆನ್ಸಿಯಿಂದ (2π × ಹರ್ಟ್ಸ್) ಗುಣಿಸಿ. 100 ಹರ್ಟ್ಸ್‌ಗೆ ಸುಮಾರು 46. ಅಂದರೆ ಏರಿಳಿತ ಸುಮಾರು 46 ಪಟ್ಟು ಕಡಿಮೆಯಾಗಿ ಒಳಗೆ ಹೋಗುತ್ತದೆ. ಸ್ಕಿನ್ ಡೆಪ್ತ್ ಲೆಕ್ಕ ಹೇಳುತ್ತಿದ್ದದ್ದು ಬರೀ ನಾಲ್ಕೈದು ಪಟ್ಟು! ಇದು ಒರಟು ಲೆಕ್ಕ. ಹೊರಗೆ ಯೋಕ್ ಇದ್ದರೆ ಕಾಲಮಾನ ಸ್ವಲ್ಪ ಬದಲಾಗುತ್ತದೆ. ಆದರೂ 10 ಮಿಮೀ ಸಾಕೋ ಸಾಲದೋ ಎಂದು ತಿಳಿಯಲು ಇಷ್ಟು ಸಾಕು.

ಈಗ 1 ಹರ್ಟ್ಸ್ ಹಾಕಿ ನೋಡಿ. ಗುಣಿಸಿದರೆ 0.46. ಒಳಗೆ ಹೋಗುವುದು 91 ಶೇಕಡಾ. ಅಂದರೆ ರೋಟರ್ ತೂಗಾಡುವಾಗ ಈ ಶೀಲ್ಡ್ ಇದ್ದೂ ಇಲ್ಲದ ಹಾಗೆ. ಆ ಏರಿಳಿತವನ್ನು ಸೂಪರ್‌ಕಂಡಕ್ಟರ್ ಕಾಯಿಲ್ ತಾನೇ ತಡೆದುಕೊಳ್ಳಬೇಕು. ಅದಕ್ಕೆ ಕಾಯಿಲ್‌ನ ತಾಪಮಾನ ಮತ್ತು ಕರೆಂಟಿನಲ್ಲಿ ಅಂತರ ಉಳಿಸಿಡಬೇಕು. ದಪ್ಪ ಎರಡು ಪಟ್ಟು ಮಾಡಿದರೂ 1 ಹರ್ಟ್ಸ್‌ನ ಮುಕ್ಕಾಲು ಪಾಲು ಒಳಗೆ ಹೋಗೇ ಹೋಗುತ್ತದೆ.

ದಪ್ಪ ಮಾಡಿದರೆ ಇನ್ನೊಂದು ತೊಂದರೆ. ಶೀಲ್ಡ್ ಎರಡೂ ದಿಕ್ಕಿಗೆ ಅಡ್ಡ ನಿಲ್ಲುತ್ತದೆ. ರೋಟರ್‌ನ ಕರೆಂಟ್ ಬದಲಿಸಿ ವೋಲ್ಟೇಜ್ ಸರಿಮಾಡಲು ಹೊರಟರೆ ಆ ಬದಲಾವಣೆಯೂ ಸ್ಟೇಟರ್‌ಗೆ ತಡವಾಗಿ ತಲುಪುತ್ತದೆ. ಜಪಾನಿನ ಯೋಜನೆಯಲ್ಲಿ ಇದಕ್ಕಾಗಿಯೇ ನಿಧಾನವಾಗಿ ಸ್ಪಂದಿಸುವ ರೋಟರ್ ಮತ್ತು ಚುರುಕಾಗಿ ಸ್ಪಂದಿಸುವ ರೋಟರ್ ಎರಡನ್ನೂ ಬೇರೆಬೇರೆಯಾಗಿ ಮಾಡಿ ಪರೀಕ್ಷಿಸಿದರು. ನಿಮ್ಮ ಯಂತ್ರಕ್ಕೆ ಯಾವುದು ಬೇಕು ಎಂದು ಮೊದಲೇ ತೀರ್ಮಾನಿಸಿ.

ಕೊಳವೆ ಎಲ್ಲಿರಬೇಕು, ಬೆಚ್ಚಗಿನ ಕಡೆಯೋ ತಣ್ಣನೆಯ ಕಡೆಯೋ? ತಣ್ಣಗಾದರೆ ತಾಮ್ರದ ವಾಹಕತೆ ಏರುತ್ತದೆ, ಶೀಲ್ಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಕೇಳಲು ಚೆಂದ. ಆದರೆ ಶೀಲ್ಡ್‌ನಲ್ಲಿ ಹುಟ್ಟುವ ಶಾಖವನ್ನು ಹೊರಗೆ ತರಬೇಕಲ್ವಾ? 30 ಕೆಲ್ವಿನ್‌ನಲ್ಲಿ ಹುಟ್ಟಿದ 1 ವಾಟ್ ತೆಗೆಯಲು ಆದರ್ಶ ಯಂತ್ರಕ್ಕೂ 9 ವಾಟ್ ಬೇಕು. 4.2 ಕೆಲ್ವಿನ್‌ನಲ್ಲಾದರೆ 70 ವಾಟ್. ನಿಜವಾದ ಕೂಲರ್‌ಗೆ ಇದರ ಎಷ್ಟೋ ಪಟ್ಟು ಬೇಕಾಗುತ್ತದೆ. ಹಾಗಾಗಿ ಮುಖ್ಯ ಶೀಲ್ಡನ್ನು, ತಣ್ಣನೆಯ ಕಾಯಿಲ್‌ಗೆ ಶಾಖ ತಾಗದಂತೆ ಸುತ್ತುವರಿದ ನಿರ್ವಾತದ ಗೋಡೆಯ ಹೊರಗೆ, ಗಾಳಿ ತಾಗುವ ಕಡೆ ಇಡಿ. ಉಳಿದಷ್ಟಕ್ಕೆ ಒಳಗೆ ತೆಳು ಪದರ ಒಂದನ್ನು ಸೇರಿಸಬಹುದು.

ಇನ್ನು ಬಲ. ಬಹಳ ಜನ ಮರೆಯುವ ವಿಷಯ ಇದು. ಸ್ಟೇಟರ್ ಥಟ್ಟನೆ ಶಾರ್ಟ್ ಆದಾಗ ಶೀಲ್ಡ್ ಮೇಲೆ ಭಾರಿ ಕರೆಂಟ್ ಹುಟ್ಟುತ್ತದೆ, ಕ್ಷೇತ್ರ ಅದನ್ನು ಒಳಕ್ಕೆ ಒತ್ತುತ್ತದೆ. 1 ಟೆಸ್ಲಾ ಆದರೆ ಮೇಲೆ ಹೇಳಿದ ಅದೇ ಚದರ ಮೀಟರ್‌ಗೆ 40 ಟನ್. 2 ಟೆಸ್ಲಾ ಆದರೆ ನಾಲ್ಕು ಪಟ್ಟು. ಒತ್ತಡ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಎರಡು ಪೋಲ್ ಯಂತ್ರದಲ್ಲಿ ಎದುರುಬದುರು ಎರಡು ಕಡೆ ಒತ್ತಿ ಕೊಳವೆಯನ್ನು ಮೊಟ್ಟೆಯಾಕಾರ ಮಾಡುತ್ತದೆ, ನಾಲ್ಕು ಪೋಲ್‌ನಲ್ಲಿ ನಾಲ್ಕು ಕಡೆ ಒತ್ತುತ್ತದೆ. ತಾಮ್ರ ಮೆತ್ತನೆಯ ಲೋಹ, ಒಮ್ಮೆ ಬಾಗಿದರೆ ಬಾಗಿದ್ದೇ. ಅದಕ್ಕೇ ತಾಮ್ರದ ಒಳಗೆ ಗಟ್ಟಿ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಇನ್ಕೊನೆಲ್ (ನಿಕಲ್‌ನ ಗಟ್ಟಿ ಮಿಶ್ರಲೋಹ) ಕೊಳವೆ ಆಸರೆಯಾಗಿ ಇರಬೇಕು. ಎಷ್ಟೋ ಡಿಸೈನ್‌ಗಳಲ್ಲಿ ದಪ್ಪವನ್ನು ಕೊನೆಗೆ ನಿರ್ಧರಿಸುವುದು ಈ ಬಲವೇ.

ಕೊಳವೆಯ ಉದ್ದದ ಬಗ್ಗೆ ಒಂದು ಮಾತು. ಎಡ್ಡಿ ಕರೆಂಟ್ ಶಾಫ್ಟ್ ಗುಂಟ ಹರಿದು ತುದಿಯಲ್ಲಿ ತಿರುಗಿ ವಾಪಸ್ ಬರುತ್ತದೆ. ಕಾಯಿಲ್ ಮುಗಿದ ಕಡೆಯೇ ಕೊಳವೆಯನ್ನೂ ಕತ್ತರಿಸಿದರೆ ಆ ತಿರುವಿಗೆ ಜಾಗ ಸಾಲದೆ ತುದಿ ಬಿಸಿಯಾಗುತ್ತದೆ. ಎರಡೂ ಕಡೆ ಸ್ವಲ್ಪ ಮುಂದಕ್ಕೆ ಬಿಡಿ. ಬೆಸುಗೆಯ ಸಾಲುಗಳು ಶುದ್ಧವಾಗಿರಲಿ, ಕಳಪೆ ಬೆಸುಗೆ ಅಲ್ಲೇ ಕಾಯುತ್ತದೆ.

ಹಂತ 6: ಟೇಪಿನ ಅಂಚು

ಹೊಸ ಬಗೆಯ ಹೈ ಟೆಂಪರೇಚರ್ ಸೂಪರ್‌ಕಂಡಕ್ಟರ್‌ಗಳು ಟೇಪ್ ರೂಪದಲ್ಲಿ ಬರುತ್ತವೆ. ಅಗಲ 4 ಅಥವಾ 12 ಮಿಮೀ, ದಪ್ಪ 0.1 ಮಿಮೀ ಆಸುಪಾಸು. ಕ್ಷೇತ್ರ ಟೇಪಿನ ಮೈಗೆ ಸಮಾನಾಂತರವಾಗಿ ಹೋದರೆ ಅದು ಚೆನ್ನಾಗಿ ತಡೆದುಕೊಳ್ಳುತ್ತದೆ. ಅಗಲದ ಮೈಗೆ ನೇರವಾಗಿ ಚುಚ್ಚಿದರೆ ಸೋಲುತ್ತದೆ. 77 ಕೆಲ್ವಿನ್‌ನಲ್ಲಿ ಅರ್ಧ ಟೆಸ್ಲಾ ನೇರವಾಗಿ ಬಿದ್ದರೆ ಕ್ರಿಟಿಕಲ್ ಕರೆಂಟ್ ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ಕಾಯಿಲ್‌ನಲ್ಲಿ ಈ ಚುಚ್ಚುವ ಭಾಗ ಜಾಸ್ತಿ ಇರುವುದು ಮೇಲಿನ ಮತ್ತು ಕೆಳಗಿನ ಅಂಚಿನಲ್ಲಿ. ಇಡೀ ಕಾಯಿಲ್‌ನ ಕರೆಂಟನ್ನು ಆ ಅಂಚೇ ಕಟ್ಟಿಹಾಕುತ್ತದೆ.

ಅಂಚಿನ ಪಕ್ಕದಲ್ಲಿ ಕಬ್ಬಿಣದ ಉಂಗುರ ಇಟ್ಟರೆ ಕ್ಷೇತ್ರ ಅದರೊಳಗೆ ಬಾಗುತ್ತದೆ, ಟೇಪಿಗೆ ಚುಚ್ಚುವುದು ಕಡಿಮೆಯಾಗುತ್ತದೆ. ಇವನ್ನು ಫ್ಲಕ್ಸ್ ಡೈವರ್ಟರ್ ಎನ್ನುತ್ತಾರೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ 100 ಕೆವಿಎ ಜನರೇಟರ್‌ನಲ್ಲಿ ಹೀಗೆ ಮಾಡಿದ್ದರು. ಇಲ್ಲಿ ಸಾಮಾನ್ಯ ಕಬ್ಬಿಣ ಬಳಸಬೇಡಿ. ಮಾಮೂಲಿ ಕಾರ್ಬನ್ ಸ್ಟೀಲ್ ಅಷ್ಟು ತಣ್ಣಗಾದರೆ ಗಾಜಿನಂತೆ ಒಡೆಯುತ್ತದೆ. ದ್ರವ ಸಾರಜನಕದ ತಾಪಮಾನದವರೆಗೆ 9 ಶೇಕಡಾ ನಿಕಲ್ ಇರುವ ಸ್ಟೀಲ್ ಒಳ್ಳೆಯ ಆಯ್ಕೆ. ಇನ್ನೂ ಕೆಳಗೆ ಹೋಗುವುದಾದರೆ ಆ ತಾಪಮಾನದಲ್ಲಿ ಅದು ಒಡೆಯದೆ ಎಷ್ಟು ತಾಳುತ್ತದೆ ಎಂದು ಅಳೆಸಿಯೇ ಮುಂದುವರಿಯಿರಿ.

ಹಂತ 7: ಸೂಪರ್‌ಕಂಡಕ್ಟರ್ ಗಟ್ಟಿಯನ್ನೇ ಶೀಲ್ಡ್ ಮಾಡಬಹುದಾ?

ಮಾಡಬಹುದು. ಫ್ರಾನ್ಸಿನ ಲೊರೇನ್ ವಿಶ್ವವಿದ್ಯಾಲಯದವರು ಗಟ್ಟಿ ಬಿಲ್ಲೆಗಳನ್ನು ಹೀಗೆ ಬಳಸಿ ಮೋಟರ್ ಮಾಡಿದ್ದಾರೆ. ಆದರೆ ಸೂಪರ್‌ಕಂಡಕ್ಟರ್ ಎಲ್ಲ ಕ್ಷೇತ್ರವನ್ನೂ ಹೊರಗೇ ನಿಲ್ಲಿಸುತ್ತದೆ ಎಂದು ನಂಬಬೇಡಿ. ಬಲವಾದ ಕ್ಷೇತ್ರ ಅಂಚಿನಿಂದ ಒಳಗೆ ನುಗ್ಗುತ್ತದೆ. ಚದರ ಮಿಮೀಗೆ 100 ಆಂಪಿಯರ್ ಹೊರುವ ಬಿಲ್ಲೆಯಾದರೆ 1 ಟೆಸ್ಲಾ ಸುಮಾರು 8 ಮಿಮೀ ಒಳಗೆ ಹೋಗುತ್ತದೆ. 5 ಮಿಮೀ ಬಿಲ್ಲೆ ಹಾಕಿದರೆ ಕ್ಷೇತ್ರ ಆಚೆ ಬದಿಗೂ ಬಂದಿರುತ್ತದೆ. ಮೊದಲ ಯಂತ್ರ ಮಾಡುವವರು ಇದಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಹಂತ 8: ಕಂಪ್ಯೂಟರ್‌ನಲ್ಲಿ ಸರಿನೋಡಿ

ಕೈಲೆಕ್ಕ ಮುಗಿದ ಮೇಲೆ ಮಾತ್ರ ಸಾಫ್ಟ್‌ವೇರ್ ತೆರೆಯಿರಿ. ಉತ್ತರ ಎಲ್ಲಿ ಬರಬೇಕೆಂದು ಗೊತ್ತಿಲ್ಲದಿದ್ದರೆ ಬಂದ ಬಣ್ಣದ ಚಿತ್ರವನ್ನೆಲ್ಲ ನಂಬಬೇಕಾಗುತ್ತದೆ.

ಸಾಫ್ಟ್‌ವೇರ್ ಲೆಕ್ಕ ಹಾಕುವ ಜಾಗದ ಗಡಿಯನ್ನು ಯಂತ್ರದ ಮೈಗೆ ಅಂಟಿಕೊಂಡ ಹಾಗೆ ಎಳೆಯಬೇಡಿ. ಗಡಿಯಲ್ಲಿ ಕ್ಷೇತ್ರ ಸೊನ್ನೆ ಎಂದು ಹೇಳಿಬಿಟ್ಟರೆ ಸಾಫ್ಟ್‌ವೇರ್ ಸೊನ್ನೆಯನ್ನೇ ತೋರಿಸುತ್ತದೆ. ಶೀಲ್ಡ್ ಅದ್ಭುತವಾಗಿದೆ ಎಂದು ಖುಷಿಪಡುತ್ತೀರಿ, ಅದು ಸುಳ್ಳು. ಗಡಿಯನ್ನು ದೂರ ಇಡಿ ಅಥವಾ ತೆರೆದ ಗಡಿಯ ಆಯ್ಕೆ ಬಳಸಿ. ಕಬ್ಬಿಣಕ್ಕೆ ಒಂದೇ ಸ್ಥಿರ ಪರ್ಮಿಯೆಬಿಲಿಟಿ ಕೊಡಬೇಡಿ, ಪೂರ್ತಿ ಕರ್ವ್ ಕೊಡಿ. ತುದಿಗಳಿಗೆ ಮೂರು ಆಯಾಮದ ಲೆಕ್ಕ ಬೇಕೇ ಬೇಕು. ಶಾರ್ಟ್ ಆದಾಗಿನ ಬಲಕ್ಕೆ ಕಾಲದ ಜೊತೆ ಸಾಗುವ ಲೆಕ್ಕ ಬೇಕು, ನಿಂತ ಕ್ಷೇತ್ರದ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ.

ಹಂತ 9: ಮೊದಲ ಸಲ ಕರೆಂಟ್ ಏರಿಸುವಾಗ

ರೋಟರ್ ನಿಂತಿರುವಾಗಲೇ ಶುರುಮಾಡಿ. ಸುತ್ತಮುತ್ತ ಸ್ಪ್ಯಾನರ್, ಕಬ್ಬಿಣದ ಸ್ಟೂಲ್, ಗ್ಯಾಸ್ ಸಿಲಿಂಡರ್ ಯಾವುದೂ ಇರಬಾರದು. ಪೇಸ್‌ಮೇಕರ್ ಇರುವವರು ಒಳಗೆ ಬರದಂತೆ ಬಾಗಿಲಲ್ಲೇ ಬರಹ ಹಾಕಿ. ಲೆಕ್ಕದಲ್ಲಿ ಬಂದ 0.5 ಮಿಲಿಟೆಸ್ಲಾ ಗೆರೆಯನ್ನು ನೆಲದ ಮೇಲೆ ಹಳದಿ ಟೇಪಿನಲ್ಲಿ ಅಂಟಿಸಿ.

ಕರೆಂಟನ್ನು ಹತ್ತು ಹತ್ತು ಶೇಕಡಾ ಏರಿಸುತ್ತ ಹೋಗಿ. ಪ್ರತಿ ಸಲವೂ ಗಾಸ್‌ಮೀಟರ್‌ನಿಂದ ಅದೇ ಜಾಗಗಳಲ್ಲಿ ಅಳೆಯಿರಿ: ಯೋಕ್ ಹೊರಮೈ ನಡುವೆ, ಎರಡೂ ತುದಿ, ಬೇರಿಂಗ್ ಪಕ್ಕ, ಟರ್ಮಿನಲ್ ಬಾಕ್ಸ್, ಹಳದಿ ಗೆರೆ. ಅಳತೆಯನ್ನು ಕರೆಂಟಿನ ಎದುರು ಗ್ರಾಫ್ ಹಾಕಿ. ಮೊದಲು ಗೆರೆ ನೇರವಾಗಿ ಹೋಗುತ್ತದೆ. ಒಂದು ಕಡೆ ಅದು ಮೇಲಕ್ಕೆ ಬಾಗಲು ಶುರುವಾದರೆ ಅಲ್ಲಿಗೆ ಕಬ್ಬಿಣ ತುಂಬಿತು ಎಂದರ್ಥ. ಆ ಬಾಗು ನಿಮ್ಮ ಪೂರ್ಣ ಕರೆಂಟಿಗಿಂತ ಮೊದಲೇ ಬಂದರೆ ಅಲ್ಲೇ ನಿಲ್ಲಿಸಿ, ಕರೆಂಟ್ ಇಳಿಸಿ, ಹಂತ 3ರ ದಪ್ಪವನ್ನು ಮತ್ತೆ ಲೆಕ್ಕ ಹಾಕಿ.